ವಿಶೇಷ ಅಗತ್ಯದ ಮಗುವಿಗೆ ಅಂಕ ಹಾಕುವುದು ಹೇಗೆ? ಕಲಬುರಗಿ, ಬೀದರ್, ಯಾದಗಿರಿಯ ಶಿಕ್ಷಕರಿಗೊಂದು ಮಾರ್ಗದರ್ಶಿ

ಅರ್ಧ ವರ್ಷಕ್ಕೊಮ್ಮೆ ನಡೆಯುವ ಎಸ್‌ಎ ಪರೀಕ್ಷೆ ಹತ್ತಿರ ಬಂದಾಗಲೆಲ್ಲ ಅವೇ ಪ್ರಶ್ನೆಗಳು ಬರುತ್ತವೆ. ಚಿಂಚೋಳಿಯಿಂದ ಒಬ್ಬರು, ಔರಾದ್‌ನಿಂದ ಇನ್ನೊಬ್ಬರು, ಸುರಪುರದಿಂದ ಮತ್ತೊಬ್ಬರು ಕೇಳುತ್ತಾರೆ. "ನಮ್ಮ ತರಗತಿಯಲ್ಲಿ ಕಣ್ಣು ಕಾಣದ ಹುಡುಗಿ ಇದ್ದಾಳೆ. ಪಾಠ ಎಲ್ಲ ಬಾಯಲ್ಲಿ ಹೇಳುತ್ತಾಳೆ, ಬರೆಯಲಾರಳು. ಅಂಕ ಎಷ್ಟು ಹಾಕಲಿ?" "ಏಳನೇ ತರಗತಿ ಹುಡುಗನಿಗೆ ಕೂಡಿಸೋದೇ ಕಷ್ಟ. ಸುಮ್ನೆ ಪಾಸ್ ಹಾಕಿಬಿಡಲಾ?" "ಒಬ್ಬನಿಗೆ ಜಾಸ್ತಿ ಟೈಮ್ ಕೊಟ್ಟರೆ ಉಳಿದವರಿಗೆ ಅನ್ಯಾಯ ಅಲ್ವಾ?"

ಕೇಳುವವರ ಮನಸ್ಸು ಒಳ್ಳೆಯದೇ. ಆದರೆ ಅಂಕ ಬೀಳುವುದು ಅಂದಾಜಿನ ಮೇಲೆ. ಒಬ್ಬರು ಕನಿಕರಪಟ್ಟು 35 ಹಾಕುತ್ತಾರೆ. ಇನ್ನೊಬ್ಬರು ಎಲ್ಲರಿಗೂ ಒಂದೇ ನಿಯಮ ಎಂದು 8 ಹಾಕುತ್ತಾರೆ. ಎರಡು ಅಂಕ ನೋಡಿದರೂ ಆ ಮಗು ಏನು ಕಲಿತಿದೆ ಅನ್ನುವುದು ಮುಂದಿನ ಶಿಕ್ಷಕರಿಗೆ ಗೊತ್ತಾಗುವುದಿಲ್ಲ, ತಂದೆತಾಯಿಗೂ ಗೊತ್ತಾಗುವುದಿಲ್ಲ. ಅಂಕ ಕಲಿಕೆಗೆ ಸಿಗಬೇಕು. ನ್ಯೂನತೆ ಇದೆ ಎಂದು ಅಂಕ ಕಡಿಯಲೂಬಾರದು, ಸೇರಿಸಲೂಬಾರದು. ಕೆಳಗಿನ ಹಂತಗಳೆಲ್ಲ ಇದನ್ನು ಕೈಯಲ್ಲಿ ಮಾಡಿ ತೋರಿಸುವ ದಾರಿಗಳು.

ಮೊದಲು ಕೈಯಲ್ಲಿರಬೇಕಾದದ್ದು

ದೊಡ್ಡ ಸಾಮಗ್ರಿ ಏನೂ ಬೇಡ. ಪ್ರತಿ ಮಗುವಿಗೆ ಒಂದು ಪುಟ ಮೀಸಲಿಟ್ಟ ನೋಟ್‌ಬುಕ್ ಬೇಕು. ನಿಮ್ಮ ವಿಷಯದ ಕಲಿಕಾ ಫಲಗಳ ಪಟ್ಟಿ ಬೇಕು. ನಿಮ್ಮ ಬ್ಲಾಕಿನ ಬಿಐಇಆರ್‌ಟಿ ಅವರ ಫೋನ್ ನಂಬರ್ ಬೇಕು. ಬಿಐಇಆರ್‌ಟಿ ಅಂದರೆ ಬ್ಲಾಕಿನ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಯಲ್ಲಿ ಇದ್ದು ಶಾಲೆಗಳಿಗೆ ಬಂದು ಸಮನ್ವಯ ಶಿಕ್ಷಣದ ಕೆಲಸ ನೋಡುವ ಸಂಪನ್ಮೂಲ ಶಿಕ್ಷಕರು. ಒಬ್ಬೊಬ್ಬರ ತಲೆಯ ಮೇಲೆ ಬಹಳ ಶಾಲೆಗಳಿರುತ್ತವೆ. ಅವರು ಬರಲಿ ಎಂದು ಕಾಯುತ್ತಾ ಕೂರಬೇಡಿ, ನೀವೇ ಕರೆ ಮಾಡಿ.

ಕೆಲವು ಪದಗಳನ್ನು ಈಗಲೇ ಬಿಡಿಸಿಕೊಳ್ಳೋಣ.

ಎಫ್‌ಎ ಅಂದರೆ ರೂಪಣಾತ್ಮಕ ಮೌಲ್ಯಮಾಪನ. ಕಲಿಯುವಾಗಲೇ ನಡುನಡುವೆ ಅಳೆಯುವುದು, ವರ್ಷಕ್ಕೆ ನಾಲ್ಕು. ಎಸ್‌ಎ ಅಂದರೆ ಸಂಕಲನಾತ್ಮಕ ಮೌಲ್ಯಮಾಪನ. ಅರ್ಧ ವರ್ಷ ಮುಗಿದಾಗ ಒಟ್ಟಾಗಿ ಅಳೆಯುವುದು, ವರ್ಷಕ್ಕೆ ಎರಡು.

ಅನುಕೂಲ ಅಂದರೆ ಗುರಿ ಎಲ್ಲರದ್ದೇ, ತಲುಪುವ ದಾರಿ ಮಾತ್ರ ಬೇರೆ. ಹೆಚ್ಚು ಸಮಯ, ದೊಡ್ಡ ಅಕ್ಷರ, ಬ್ರೈಲ್, ಬರೆದುಕೊಡುವವರು ಎಲ್ಲ ಇದರಲ್ಲಿ ಬರುತ್ತವೆ. ಮಾರ್ಪಾಡು ಅಂದರೆ ಗುರಿಯನ್ನೇ ಬದಲಿಸುವುದು. ಏಳನೇ ತರಗತಿಯಲ್ಲಿ ಕೂತ ಮಗು ಎರಡಂಕಿಯ ಕೂಡಿಸುವ ಲೆಕ್ಕ ಕಲಿಯುತ್ತಿದ್ದರೆ ಅದು ಮಾರ್ಪಾಡು. ಈ ಎರಡನ್ನು ಒಂದೇ ಎಂದುಕೊಳ್ಳುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ.

ಐಇಪಿ ಅಂದರೆ ವೈಯಕ್ತಿಕ ಶಿಕ್ಷಣ ಯೋಜನೆ. ಒಂದು ಮಗುವಿಗಾಗಿಯೇ ಬರೆದ ಗುರಿಗಳ ಹಾಳೆ.

ಇದಕ್ಕೆಲ್ಲ ಕಾನೂನಿನ ಬಲ ಇದೆ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು, 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. 1995ರ ಹಳೆಯ ಕಾಯ್ದೆಯಲ್ಲಿ 7 ಬಗೆಯ ನ್ಯೂನತೆಗಳಿದ್ದವು. ಈಗ 21 ಇವೆ. ಕಲಿಕಾ ನ್ಯೂನತೆ, ಆಟಿಸಂ, ರಕ್ತದ ಕಾಯಿಲೆಗಳಾದ ಥಲಸ್ಸೇಮಿಯಾ, ಸಿಕಲ್ ಸೆಲ್ ಕೂಡ ಆ ಪಟ್ಟಿಯಲ್ಲಿವೆ. ಪಠ್ಯಕ್ರಮ ಮತ್ತು ಪರೀಕ್ಷೆಯಲ್ಲಿ ತಕ್ಕ ಬದಲಾವಣೆ ಮಾಡಬೇಕು, ಹೆಚ್ಚಿನ ಸಮಯ ಮತ್ತು ಬರೆದುಕೊಡುವವರನ್ನು ಕೊಡಬೇಕು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಕೊಡಬೇಕು ಎಂದು 17ನೇ ಸೆಕ್ಷನ್ ಹೇಳುತ್ತದೆ. ಹಾಗಾಗಿ "ಇದೆಲ್ಲ ನಿಮ್ಮ ಸ್ವಂತ ತಲೆಯಿಂದ ಮಾಡ್ತಿದ್ದೀರಾ?" ಎಂದು ಯಾರಾದರೂ ಕೇಳಿದರೆ ಹೆದರಬೇಡಿ.

ಹಂತ 1: ತೊಡಕು ಯಾವುದು ಎಂದು ಸರಿಯಾಗಿ ಗುರುತಿಸಿ

ನಮ್ಮ ಮೂರು ಜಿಲ್ಲೆಗಳಲ್ಲಿ ಈ ಹಂತವೇ ಬಹಳ ಸೂಕ್ಷ್ಮ. ಕನ್ನಡ ಓದಲು ತಡವರಿಸುವ ಮಗುವನ್ನು ಕಂಡ ಕೂಡಲೇ ಕಲಿಕಾ ನ್ಯೂನತೆ ಎಂದು ತೀರ್ಮಾನಿಸಬೇಡಿ. ತಾಂಡಾದಿಂದ ಬರುವ ಮಗುವಿನ ಮನೆಮಾತು ಲಂಬಾಣಿ. ಗುರುಮಠಕಲ್, ಸೇಡಂ ಕಡೆ ತೆಲುಗು. ಔರಾದ್, ಭಾಲ್ಕಿಯಲ್ಲಿ ಮರಾಠಿ. ಉರ್ದು ಎಲ್ಲ ಕಡೆ ಇದೆ. ಈ ಮಕ್ಕಳಿಗೆ ಪಠ್ಯಪುಸ್ತಕದ ಕನ್ನಡ ಎರಡನೇ ಭಾಷೆ. ಕನ್ನಡವೇ ಮನೆಮಾತಾದ ಮಗು ಕೂಡ "ಇದೆ" ಎನ್ನುವ ಕಡೆ "ಅದ" ಎಂದು ಬರೆಯುತ್ತದೆ. ಅದು ನಮ್ಮ ಸೀಮೆಯ ಮಾತು. ಅದರಲ್ಲಿ ನ್ಯೂನತೆ ಹುಡುಕಬೇಡಿ.

ಇನ್ನೊಂದು, ಗುಳೆ. ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಹೈದರಾಬಾದ್, ಪುಣೆ, ಮುಂಬೈಗೆ ದುಡಿಯಲು ಹೋಗುವ ಮನೆಗಳ ಮಕ್ಕಳು ತಿಂಗಳುಗಟ್ಟಲೆ ಶಾಲೆಗೆ ಬರುವುದಿಲ್ಲ. ಕಲಿಸದೇ ಇದ್ದದ್ದನ್ನು ಮಗುವಿನ ಕೊರತೆ ಎಂದು ಬರೆಯುವುದು ಸರಿಯಲ್ಲ. ಮೊದಲು ಹಾಜರಿ ಪುಸ್ತಕ ತೆಗೆದು ನೋಡಿ.

ಮೂರು ಸಣ್ಣ ಪರೀಕ್ಷೆ ಮಾಡಿ. ಮನೆಮಾತಿನಲ್ಲಿ ಕಥೆ ಹೇಳಲು ಬರುತ್ತದೆಯಾ? ಅಂಗಡಿಗೆ ಕಳಿಸಿದರೆ ಚಿಲ್ಲರೆ ಲೆಕ್ಕ ಸರಿಯಾಗಿ ತರುತ್ತದೆಯಾ? ಬೋರ್ಡ್ ಕಡೆ ಮುಖ ತಿರುಗಿಸಿ ಮಾತಾಡಿದರೆ ಕೇಳಿಸುತ್ತದೆಯಾ? ಕೊನೆಯದನ್ನು ಮರೆಯಬೇಡಿ. ಒಂದು ಕಿವಿ ಮಂದ ಇರುವ ಮಗುವನ್ನು ದಡ್ಡ, ಗಮನ ಕೊಡಲ್ಲ ಎಂದು ವರ್ಷಗಟ್ಟಲೆ ಬೈದ ಶಾಲೆಗಳನ್ನು ಕಂಡಿದ್ದೇನೆ.

ಸಂಶಯ ಉಳಿದರೆ ಎನ್‌ಸಿಇಆರ್‌ಟಿಯ ಪ್ರಶಸ್ತ್ ಎಂಬ ಆ್ಯಪ್ ಇದೆ. ತರಗತಿ ಶಿಕ್ಷಕರೇ ತುಂಬಬಹುದಾದ ತಪಶೀಲು ಪಟ್ಟಿ ಅದರಲ್ಲಿದೆ. ಅದು ಪ್ರಾಥಮಿಕ ತಪಾಸಣೆಗೆ ಮಾತ್ರ. ಪ್ರಮಾಣಪತ್ರ ಕೊಡುವವರು ವೈದ್ಯರು. ಯುಡಿಐಡಿ, ಅಂದರೆ ವಿಕಲಚೇತನರ ಗುರುತಿನ ಕಾರ್ಡ್‌ಗೆ ತಂದೆತಾಯಿ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬೇಕು, ಆಮೇಲೆ ವೈದ್ಯರ ತಪಾಸಣೆ ಇರುತ್ತದೆ. ಊರಿನಲ್ಲಿ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಈ ಅರ್ಜಿಗೆ ಸಹಾಯ ಮಾಡುತ್ತಾರೆ.

ಎಚ್ಚರಿಕೆ: ಕಾರ್ಡ್ ಬರುವ ತನಕ ಏನೂ ಮಾಡಲ್ಲ ಎಂದು ಕೂರಬೇಡಿ. ನಿಮ್ಮ ತರಗತಿಯ ಎಫ್‌ಎಯಲ್ಲಿ ಪ್ರಶ್ನೆಯನ್ನು ಓದಿ ಹೇಳುವುದಕ್ಕೆ, ಮುಂದಿನ ಸಾಲಿನಲ್ಲಿ ಕೂರಿಸುವುದಕ್ಕೆ ಯಾವ ಕಾರ್ಡೂ ಬೇಕಿಲ್ಲ. ನ್ಯೂನತೆ 40%ಗಿಂತ ಕಡಿಮೆ ಎಂದ ಮಾತ್ರಕ್ಕೆ ಬರೆದುಕೊಡುವವರನ್ನು ನಿರಾಕರಿಸುವಂತಿಲ್ಲ ಎಂದು 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ವಿಕಾಸ್ ಕುಮಾರ್ ಅವರಿಗೆ ಇದ್ದದ್ದು ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ.

ಹಂತ 2: ಏನನ್ನು ಅಳೆಯುತ್ತಿದ್ದೀರಿ ಎಂದು ಒಂದು ಸಾಲಿನಲ್ಲಿ ಬರೆಯಿರಿ

ಇಡೀ ಕೆಲಸದ ಬೇರು ಇಲ್ಲಿದೆ. ಪ್ರಶ್ನೆ ಬರೆಯುವ ಮೊದಲು ಪಕ್ಕದಲ್ಲಿ ಒಂದು ಸಾಲು ಬರೆಯಿರಿ: "ಈ ಪ್ರಶ್ನೆಯಿಂದ ನಾನು ನೋಡಬೇಕಾದದ್ದು ಇದು." ಆಮೇಲೆ ಕೇಳಿಕೊಳ್ಳಿ, ಈ ಪ್ರಶ್ನೆ ಅದನ್ನು ಬಿಟ್ಟು ಬೇರೆ ಏನನ್ನಾದರೂ ಮಗುವಿನಿಂದ ಕೇಳುತ್ತಿದೆಯಾ?

ಉಕ್ತಲೇಖನವನ್ನೇ ತೆಗೆದುಕೊಳ್ಳಿ. ನೀವು ಪದ ಹೇಳುತ್ತೀರಿ, ಮಕ್ಕಳು ಬರೆಯುತ್ತಾರೆ. ನೋಡಬೇಕಾದದ್ದು ಕಾಗುಣಿತ. ಕಿವಿ ಕೇಳದ ಮಗುವಿಗೆ ಸೊನ್ನೆ ಬಂತು. ಆ ಸೊನ್ನೆ ಯಾವುದಕ್ಕೆ ಬಂತು? ಕಿವಿಗೆ ಬಂತು, ಕಾಗುಣಿತಕ್ಕೆ ಬರಲಿಲ್ಲ. ಅದೇ ಹತ್ತು ಪದಗಳಿಗೆ ಹತ್ತು ಚಿತ್ರ ತೋರಿಸಿ ಬರೆಸಿ. ಈಗ ಬರುವ ಅಂಕ ಕಾಗುಣಿತದ ಅಂಕ.

ಇನ್ನೊಂದು ಉದಾಹರಣೆ. ಗಣಿತದಲ್ಲಿ, "ಒಂದು ಚೀಲದಲ್ಲಿ 50 ಕೆಜಿ ತೊಗರಿ ಇದೆ. ಅಂಥ 12 ಚೀಲ ಮಾರಿದರೆ ಒಟ್ಟು ಎಷ್ಟು ಕೆಜಿ?" ನೋಡಬೇಕಾದದ್ದು ಗುಣಿಸಬೇಕು ಎಂದು ಮಗುವಿಗೆ ಹೊಳೆಯುತ್ತದೆಯಾ, ಗುಣಿಸಲು ಬರುತ್ತದೆಯಾ ಎಂಬುದು. ಓದಲು ತೊಡಕಿರುವ ಮಗುವಿಗೆ ಈ ಪ್ರಶ್ನೆಯನ್ನು ನೀವು ಓದಿ ಹೇಳಿದರೆ ಅನ್ಯಾಯ ಏನೂ ಇಲ್ಲ. ಆದರೆ ಕನ್ನಡದಲ್ಲಿ "ಗದ್ಯಭಾಗವನ್ನು ಓದಿ" ಎಂಬ ಪ್ರಶ್ನೆ ಇದೆ ಅನ್ನಿ. ಅಲ್ಲಿ ನೋಡಬೇಕಾದದ್ದೇ ಓದು. ನೀವು ಓದಿ ಹೇಳಿದರೆ ಅಳೆಯಲು ಏನೂ ಉಳಿಯುವುದಿಲ್ಲ. ಅಲ್ಲಿ ಬೇರೆ ಅನುಕೂಲ ಕೊಡಿ: ಅಕ್ಷರ ದೊಡ್ಡದು, ಸಾಲುಗಳ ನಡುವೆ ಜಾಗ ಜಾಸ್ತಿ, ಸಮಯ ಜಾಸ್ತಿ, ಗದ್ಯ ಎರಡು ತುಂಡು. ಒಂದೇ ಸಹಾಯ ಒಂದು ವಿಷಯದಲ್ಲಿ ನ್ಯಾಯ, ಇನ್ನೊಂದರಲ್ಲಿ ಅಲ್ಲ. ಹಾಗಾಗಿ "ಈ ಮಗುವಿಗೆ ಇಂಥ ಸೌಲಭ್ಯ" ಎಂದು ವರ್ಷಕ್ಕೊಮ್ಮೆ ಬರೆದು ಕೈತೊಳೆದುಕೊಳ್ಳಲು ಬರುವುದಿಲ್ಲ. ಪ್ರಶ್ನೆ ಪ್ರಶ್ನೆಗೂ ನೋಡಬೇಕು.

ವಿಜ್ಞಾನದಲ್ಲಿ "ಸಸ್ಯದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ" ಎಂದು ಕೇಳುತ್ತೀರಿ. ಕಣ್ಣು ಕಾಣದ ಹುಡುಗಿಗೆ ಹೊಲದಿಂದ ಬೇರುಸಮೇತ ಒಂದು ತೊಗರಿ ಗಿಡ ತಂದು ಕೈಗೆ ಕೊಡಿ. ನಮ್ಮ ಕಡೆ ಅದಕ್ಕೆ ಬರ ಇಲ್ಲ. ಬೇರು, ಕಾಂಡ, ಎಲೆ, ಹೂ, ಕಾಯಿ ಎಲ್ಲ ಅದರಲ್ಲಿದೆ. ಮುಟ್ಟಿ ಹೆಸರು ಹೇಳಲಿ, ಕೆಲಸ ಹೇಳಲಿ. ನಿಜ ಹೇಳಬೇಕೆಂದರೆ ಪುಸ್ತಕದ ಚಿತ್ರ ನೋಡಿ ಬರೆದ ಮಕ್ಕಳಿಗಿಂತ ಅವಳಿಗೆ ಗಿಡ ಹೆಚ್ಚು ಗೊತ್ತಾಗಿರುತ್ತದೆ.

ಸಮಾಜ ವಿಜ್ಞಾನದ ನಕ್ಷೆಗೆ ರಟ್ಟಿನ ಮೇಲೆ ದಾರ ಅಂಟಿಸಿ ಗಡಿ ಮಾಡಿ. ಭೀಮಾ, ಕೃಷ್ಣಾ ನದಿಗಳಿಗೆ ಬೇರೆ ದಪ್ಪದ ದಾರ ಹಾಕಿ. ಸೆರೆಬ್ರಲ್ ಪಾಲ್ಸಿಯಿಂದ, ಅಂದರೆ ಮೆದುಳಿನ ತೊಂದರೆಯಿಂದ, ಕೈ ಹತೋಟಿಗೆ ಸಿಗದ ಮಗು ರೇಖಾಗಣಿತದಲ್ಲಿ ಹಂತಗಳನ್ನು ಬಾಯಲ್ಲಿ ಹೇಳಲಿ. "6 ಸೆಂ.ಮೀ. ರೇಖೆ ಎಳೆ, ಎಡತುದಿಯಲ್ಲಿ ಕೈವಾರ ಇಡು" ಎಂದು ಅದು ಹೇಳಿದಂತೆ ಇನ್ನೊಬ್ಬರು ಎಳೆಯಲಿ. ತಪ್ಪು ಹೇಳಿದರೆ ತಪ್ಪೇ ಎಳೆಯಬೇಕು. ಅಲ್ಲಿ ಕನಿಕರ ಬೇಡ.

ತೊದಲುವ ಮಗುವನ್ನು ಎಲ್ಲರ ಮುಂದೆ ನಿಲ್ಲಿಸಿ ಪದ್ಯ ಹೇಳಿಸಿ, ನಿಂತು ನಿಂತು ಹೇಳಿದ್ದಕ್ಕೆ ಅಂಕ ಕಡಿಯುವುದು ಈಗಲೂ ನಡೆಯುತ್ತಿದೆ. ದಯವಿಟ್ಟು ಬಿಡಿ. ಕಂಠಪಾಠ ಆಗಿದೆಯಾ ಎಂದು ನೋಡಲು ಬರೆಸಬಹುದು, ಒಬ್ಬೊಬ್ಬರನ್ನೇ ಕರೆದು ಕೇಳಬಹುದು, ಇಡೀ ತರಗತಿ ಒಟ್ಟಿಗೆ ಹಾಡುವಾಗ ಪಕ್ಕದಲ್ಲಿ ನಿಂತು ಕೇಳಬಹುದು.

ಹಂತ 3: ಅನುಕೂಲವೋ ಮಾರ್ಪಾಡೋ, ಮೊದಲೇ ತೀರ್ಮಾನಿಸಿ

ಕಣ್ಣು, ಕಿವಿ, ಕೈಕಾಲು, ಮಾತು, ಓದು-ಬರಹದ ತೊಡಕಿರುವ ಹೆಚ್ಚಿನ ಮಕ್ಕಳಿಗೆ ಅನುಕೂಲ ಸಾಕು. ಅವರ ಗುರಿ ತರಗತಿಯದೇ. ಅವರ ಎ+ ಪೂರ್ತಿ ಎ+. ಪಕ್ಕದಲ್ಲಿ ಚುಕ್ಕಿ, ಗುರುತು, "ಸಹಾಯದಿಂದ" ಎಂಬ ಬರಹ ಏನೂ ಬೇಡ. ಕನ್ನಡಕ ಹಾಕಿಕೊಂಡು ಬರೆದ ಮಗುವಿನ ಅಂಕಪಟ್ಟಿಯಲ್ಲಿ ಹಾಗೆ ಬರೆಯುತ್ತೀರಾ?

ಬೌದ್ಧಿಕ ನ್ಯೂನತೆ ಇರುವ ಕೆಲವು ಮಕ್ಕಳಿಗೆ ಮಾರ್ಪಾಡು ಬೇಕಾಗುತ್ತದೆ. ಇದನ್ನು ನೀವೊಬ್ಬರೇ ತೀರ್ಮಾನಿಸಬೇಡಿ. ಮುಖ್ಯಗುರುಗಳು, ಬಿಐಇಆರ್‌ಟಿ, ತಂದೆತಾಯಿ ಜೊತೆಗಿರಲಿ. ಜೂನ್-ಜುಲೈನಲ್ಲೇ ಐಇಪಿ ಬರೆಯಿರಿ. ಎಸ್‌ಎ ಮುಗಿದ ಮೇಲೆ, ಬಂದ ಅಂಕಕ್ಕೆ ಹೊಂದುವಂತೆ ಗುರಿ ಬರೆಯುವುದು ದಾಖಲೆ ತುಂಬಿಸುವ ಕೆಲಸ ಅಷ್ಟೇ. ಮಗುವಿಗೆ ಅದರಿಂದ ಉಪಯೋಗ ಇಲ್ಲ.

ಎಚ್ಚರಿಕೆ: ಎಲ್ಲ ವಿಷಯಕ್ಕೂ ಒಂದೇ ತೀರ್ಮಾನ ಮಾಡಬೇಡಿ. ಗಣಿತದಲ್ಲಿ ಮಾರ್ಪಾಡು ಬೇಕಾದ ಮಗು ಚಿತ್ರಕಲೆ, ದೈಹಿಕ ಶಿಕ್ಷಣ, ಕನ್ನಡದ ಮೌಖಿಕ ಕೆಲಸದಲ್ಲಿ ಎಲ್ಲರ ಗುರಿಯನ್ನೇ ಮುಟ್ಟಬಹುದು. ಭಾಷಾ ವಿನಾಯಿತಿಯ ವಿಷಯದಲ್ಲೂ ಹೀಗೇ. ವಿನಾಯಿತಿ ಹಕ್ಕು ನಿಜ, ಆದರೆ ತಾನಾಗಿ ಹೇರಬಾರದು. ಮನೆಯಲ್ಲಿ ಉರ್ದು ಮಾತಾಡುವ, ಕಣ್ಣು ಕಾಣದ ಹುಡುಗನಿಗೆ ಹಿಂದಿ ಸಲೀಸಾಗಿ ಅರ್ಥವಾಗುತ್ತದೆ. ಅವನಿಗೆ ಅಂಕ ತರುವ ವಿಷಯವನ್ನೇ ನೀವು ಕಿತ್ತುಕೊಂಡಂತೆ ಆಗಬಹುದು. ಹುಟ್ಟಿನಿಂದ ಕಿವಿ ಕೇಳದ ಮಗುವಿಗೆ ಅದೇ ವಿನಾಯಿತಿ ದೊಡ್ಡ ಆಸರೆ. ಮಗುವನ್ನು ಕೇಳಿ ತೀರ್ಮಾನಿಸಿ. ವಿನಾಯಿತಿ ಪಡೆದ ವಿಷಯಕ್ಕೆ ಸೊನ್ನೆ ಹಾಕಿ ಒಟ್ಟಿಗೆ ಸೇರಿಸಬೇಡಿ.

ಹಂತ 4: ಪರೀಕ್ಷೆಯ ದಿನವನ್ನು ಮೊದಲೇ ಯೋಚಿಸಿ

ಸಮಯ: ಕೇಂದ್ರ ಸರ್ಕಾರ 2018ರಲ್ಲಿ ಲಿಖಿತ ಪರೀಕ್ಷೆಗಳಿಗಾಗಿ ಮಾಡಿದ ಮಾರ್ಗಸೂಚಿಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಕೊಡಬೇಕು ಎಂದಿದೆ. ಶಾಲೆಯ ಪರೀಕ್ಷೆಗೂ ಅದೇ ಅಳತೆ ಹಿಡಿಯಿರಿ. ಒಂದೂವರೆ ಗಂಟೆಯ ಪತ್ರಿಕೆಗೆ 30 ನಿಮಿಷ, ಮೂರು ಗಂಟೆಯದಕ್ಕೆ ಒಂದು ಗಂಟೆ.

ಇಲ್ಲಿ ಒಂದು ತಪ್ಪು ಬಹಳ ಕಡೆ ಆಗುತ್ತದೆ. ಹೆಚ್ಚಿನ ಸಮಯ ಬಿಸಿಯೂಟದ ಹೊತ್ತಿಗೆ ಬರುತ್ತದೆ. ಹೊರಗೆ ತಟ್ಟೆಗಳ ಸದ್ದು, ಗೆಳೆಯರ ಗಲಾಟೆ. ಮಗು ಪೆನ್ನು ಇಟ್ಟು ಎದ್ದು ಹೋಗುತ್ತದೆ. ಆಮೇಲೆ "ಟೈಮ್ ಕೊಟ್ಟಿದ್ದೆವು, ಅವನೇ ಬರೆಯಲಿಲ್ಲ" ಎನ್ನುತ್ತೇವೆ. ಸಂಜೆ ಪತ್ರಿಕೆಯಾದರೆ ಊರಿನ ಬಸ್ ತಪ್ಪುವ ಭಯ. ಹಾಗಾಗಿ ಆ ಮಗುವಿಗೆ ಉಳಿದವರಿಗಿಂತ ಮೊದಲೇ ಶುರು ಮಾಡಿಸಿ. ಎಸ್‌ಎ-2 ಬರುವ ಹೊತ್ತಿಗೆ ನಮ್ಮ ಬಿಸಿಲು ನಿಮಗೆ ಗೊತ್ತೇ ಇದೆ. ಮಧ್ಯಾಹ್ನ ತಗಡಿನ ಸೂರಿನ ಕೋಣೆಯಲ್ಲಿ ಕೊಟ್ಟ ಅರ್ಧ ಗಂಟೆ ಉಪಯೋಗಕ್ಕೆ ಬರುವುದಿಲ್ಲ. ಬೇಗ ದಣಿಯುವ ಮಗುವಿಗೆ ಪತ್ರಿಕೆಯನ್ನು ಎರಡು ಭಾಗ ಮಾಡಿ, ನಡುವೆ ಹತ್ತು ನಿಮಿಷ ಬಿಡುವು ಕೊಡಿ.

ಪತ್ರಿಕೆ: ಮಂದದೃಷ್ಟಿಯ ಮಗುವಿಗೆ ಅಕ್ಷರ 18 ಪಾಯಿಂಟ್ ಅಥವಾ ಅದಕ್ಕಿಂತ ದೊಡ್ಡದಿರಲಿ. ಮೊದಲೇ ಒಂದು ಹಾಳೆ ತೋರಿಸಿ ಯಾವ ಗಾತ್ರ ಕಾಣುತ್ತದೆ ಎಂದು ಕೇಳಿ. ಕಂಪ್ಯೂಟರ್ ಇಲ್ಲವಾದರೆ ಕಪ್ಪು ಮಾರ್ಕರ್‌ನಿಂದ ಕೈಯಲ್ಲೇ ಬರೆಯಿರಿ. ಬ್ರೈಲ್ ಬೇಕಿದ್ದರೆ ಒಂದೆರಡು ವಾರ ಮೊದಲೇ ಬಿಐಇಆರ್‌ಟಿಗೆ ಪತ್ರಿಕೆ ತಲುಪಬೇಕು. ಹಿಂದಿನ ದಿನ ಹೇಳಿದರೆ ಆಗುವ ಕೆಲಸವಲ್ಲ.

ಸ್ಕ್ರೈಬ್: ಅಂದರೆ ಮಗು ಹೇಳಿದ್ದನ್ನು ಬರೆದುಕೊಡುವವರು. ಮಗುವಿಗಿಂತ ಕೆಳಗಿನ ತರಗತಿಯವರಿರಲಿ. ಬೇರೆ ಕೋಣೆಯಲ್ಲಿ ಕೂರಿಸಿ. ಹೇಳಿದ್ದನ್ನು ಹೇಳಿದಂತೆಯೇ ಬರೆಯಬೇಕು, ತಿದ್ದಬಾರದು, ಸುಳಿವು ಕೊಡಬಾರದು. ಕಾಗುಣಿತಕ್ಕೆ ಅಂಕ ಇರುವ ಭಾಷಾ ಪತ್ರಿಕೆಯಲ್ಲಿ ಕಷ್ಟದ ಪದಗಳನ್ನು ಮಗು ಅಕ್ಷರ ಬಿಡಿಸಿ ಹೇಳಲಿ. ಪರೀಕ್ಷೆಗೆ ಮುಂಚೆ ಇಬ್ಬರನ್ನೂ ಕೂರಿಸಿ ಕನಿಷ್ಠ ಎರಡು ಸಲ ಅಭ್ಯಾಸ ಮಾಡಿಸಿ. ಉತ್ತರವನ್ನು ವಾಕ್ಯ ವಾಕ್ಯವಾಗಿ ಹೇಳಿ ಬರೆಸುವುದು ಬೇರೆಯೇ ಒಂದು ವಿದ್ಯೆ. ಬೆಳಿಗ್ಗೆ ಪರಿಚಯ, ಹತ್ತು ಗಂಟೆಗೆ ಪರೀಕ್ಷೆ ಎಂದರೆ ಮಗುವಿಗೆ ಬಂದದ್ದೂ ಬಾಯಿಗೆ ಬರುವುದಿಲ್ಲ.

ಉಳಿದ ಮಕ್ಕಳು "ಅವನಿಗೆ ಯಾಕೆ ಜಾಸ್ತಿ ಟೈಮ್ ಸರ್?" ಎಂದು ಕೇಳಿಯೇ ಕೇಳುತ್ತಾರೆ. ಅವನ ಕಾಯಿಲೆಯ ಹೆಸರು ಹೇಳಬೇಡಿ. "ಅವನ ಕೈ ನಿಧಾನ, ತಲೆ ನಿಧಾನ ಅಲ್ಲ. ನಾನು ನೋಡ್ತಿರೋದು ತಲೆಯನ್ನು" ಎಂದರೆ ಮಕ್ಕಳಿಗೆ ಥಟ್ಟನೆ ಅರ್ಥವಾಗುತ್ತದೆ. ಎಫ್‌ಎಯಲ್ಲಿ ಇನ್ನೂ ಸುಲಭ ದಾರಿ ಇದೆ. ಪ್ರಶ್ನೆಗಳನ್ನು ಎಲ್ಲರಿಗೂ ಒಮ್ಮೆ ಜೋರಾಗಿ ಓದಿ ಹೇಳಿ, ಎಲ್ಲರಿಗೂ ಹತ್ತು ನಿಮಿಷ ಹೆಚ್ಚು ಕೊಡಿ. ಆಗ ಯಾರನ್ನೂ ಬೇರೆ ಮಾಡಿದಂತೆ ಆಗುವುದಿಲ್ಲ.

ಹಂತ 5: ತಿದ್ದುವಾಗ ಲೆಕ್ಕ ಸರಿ ಇರಲಿ

ಹೆಚ್ಚಿನ ಅನ್ಯಾಯ ಗೊತ್ತಿಲ್ಲದೆ ಆಗುವುದು ಈ ಹಂತದಲ್ಲೇ. ಮೂರು ಲೆಕ್ಕ ಕೊಡುತ್ತೇನೆ.

ಒಂದು, ಮಾಡಲು ಆಗದ ಭಾಗ. ಸಸ್ಯದ ಪ್ರಶ್ನೆಗೆ 10 ಅಂಕ. ಭಾಗಗಳ ಹೆಸರಿಗೆ 4, ಕೆಲಸಕ್ಕೆ 4, ಚಿತ್ರದ ಅಂದಕ್ಕೆ 2. ಕಣ್ಣು ಕಾಣದ ಹುಡುಗಿಗೆ ಚಿತ್ರದ 2 ಅಂಕ ಅನ್ವಯಿಸುವುದಿಲ್ಲ. ಅವಳು 8ರಲ್ಲಿ 6 ತೆಗೆದಳು. ಅದನ್ನು 10ಕ್ಕೆ 6 ಎಂದು ಬರೆದರೆ ತಪ್ಪು. ಚಿತ್ರಕ್ಕೆ ಸುಮ್ನೆ 2 ಸೇರಿಸಿ 8 ಮಾಡಿದರೂ ತಪ್ಪು. 6 ಅನ್ನು 8ರಿಂದ ಭಾಗಿಸಿ 10ರಿಂದ ಗುಣಿಸಿ: 7.5. ಅವಳ ನ್ಯಾಯವಾದ ಅಂಕ ಅಷ್ಟು.

ಎರಡು, ಗೈರುಹಾಜರಿಯ ಸೊನ್ನೆ. ಥಲಸ್ಸೇಮಿಯಾ ಇರುವ ಮಗು ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳಲು ಹೋಗಲೇಬೇಕು. ನಾಲ್ಕು ಎಫ್‌ಎಗಳಲ್ಲಿ 10ಕ್ಕೆ 8, 7, 9 ಬಂದಿದೆ, ಒಂದು ದಿನ ಆಸ್ಪತ್ರೆಯಲ್ಲಿತ್ತು. ಅಲ್ಲಿ ಸೊನ್ನೆ ಹಾಕಿದರೆ ಸರಾಸರಿ 6. ಶ್ರೇಣಿ ಬಿ+. ಆ ಚಟುವಟಿಕೆಯನ್ನು ಇನ್ನೊಂದು ದಿನ ಮಾಡಿಸಿದರೆ ಅದರ ನಿಜವಾದ ಮಟ್ಟ, ಅಂದರೆ 8ರ ಸುತ್ತಮುತ್ತ, ಕಾಣುತ್ತದೆ. ಶ್ರೇಣಿ ಎ. ಒಂದು ಸೊನ್ನೆ ಇಡೀ ಶ್ರೇಣಿಯನ್ನೇ ಇಳಿಸಿಬಿಡುತ್ತದೆ. ಎಫ್‌ಎ ನಿಮ್ಮ ಕೈಯಲ್ಲೇ ಇರುವ ಮೌಲ್ಯಮಾಪನ. ದಿನ ಬದಲಿಸಿ ಮಾಡಿಸಿ.

ಮೂರು, ಭಾಷೆಯ ತಪ್ಪು. ಸನ್ನೆ ಭಾಷೆ ಬಳಸುವ ಮಕ್ಕಳ ಬರಹದಲ್ಲಿ ವಿಭಕ್ತಿ ಪ್ರತ್ಯಯಗಳು ಬಿಟ್ಟುಹೋಗುತ್ತವೆ. "ನೀರು ಬಿಸಿ ಆವಿ ಆಗು ಮೇಲೆ ಹೋಗು" ಎಂದು ಬರೆಯಬಹುದು. ಸನ್ನೆ ಭಾಷೆಯ ವ್ಯಾಕರಣವೇ ಬೇರೆ. ವಿಜ್ಞಾನ ಪತ್ರಿಕೆಯಲ್ಲಿ ಈ ಉತ್ತರ ಸರಿ. ಪೂರ್ತಿ ಅಂಕ ಕೊಡಿ. ಕನ್ನಡ ಪತ್ರಿಕೆಯಲ್ಲಿ ಮೊದಲೇ ಪಾಲು ಮಾಡಿಟ್ಟುಕೊಳ್ಳಿ: 5 ಅಂಕದ ಪ್ರಶ್ನೆಯಲ್ಲಿ ವಿಷಯಕ್ಕೆ 4, ಭಾಷೆಗೆ 1. ಭಾಷೆಯ ಅಂಕ ಹೋಗಲಿ, ವಿಷಯದ್ದು ಹೋಗಬಾರದು. ಕಲಿಕಾ ನ್ಯೂನತೆಯ ಮಗು ಒತ್ತಕ್ಷರ, ದೀರ್ಘ, ಮಹಾಪ್ರಾಣ ಬಿಟ್ಟಾಗಲೂ ಇದೇ ನಿಯಮ.

ನಿಮ್ಮ ಕೈ ನಿಮಗೆ ತಿಳಿಯದೆ ಬಿಗಿಯಾಗುತ್ತಿದೆಯಾ, ಸಡಿಲವಾಗುತ್ತಿದೆಯಾ ಎಂದು ನೋಡಲು ಹೆಸರಿನ ಮೇಲೆ ಕಾಗದ ಮಡಚಿ ತಿದ್ದಿ. ಸಂಶಯದ ಉತ್ತರವನ್ನು ಪಕ್ಕದ ತರಗತಿಯ ಶಿಕ್ಷಕರಿಂದಲೂ ತಿದ್ದಿಸಿ. ಇಬ್ಬರ ಅಂಕ ದೂರ ದೂರ ಇದ್ದರೆ ಮೊದಲು ಸರಿ ಮಾಡಬೇಕಾದದ್ದು ಅಂಕ ಹಂಚಿಕೆಯನ್ನು.

ಹಂತ 6: ಐಇಪಿ ಮೇಲೆ ಶ್ರೇಣಿ ಕೊಡುವುದು

ಮಾರ್ಪಾಡು ಪಡೆದ ಮಗುವಿಗೆ ವರ್ಷವಿಡೀ ಸಿ ಕೊಡುತ್ತಾ ಹೋಗುವುದು ಒಂದು ತಪ್ಪು. ಏನೂ ಹೇಳದೆ ಎ+ ಕೊಡುವುದು ಇನ್ನೊಂದು. ಮೊದಲನೆಯದು ಮಗುವಿನ ಬೆವರನ್ನು ಅಳಿಸಿಹಾಕುತ್ತದೆ. ಎರಡನೆಯದು ತಂದೆತಾಯಿಗೆ ಸುಳ್ಳು ಹೇಳುತ್ತದೆ. ಮಗ ಏಳನೇ ತರಗತಿಯ ಗಣಿತ ಕಲಿತಿದ್ದಾನೆ ಎಂದು ಅವರು ನಂಬುತ್ತಾರೆ. ಹೈಸ್ಕೂಲಿಗೆ ಹೋದ ಮೇಲೆ ಆ ನಂಬಿಕೆ ಮುರಿಯುವಾಗ ನೀವು ಪಕ್ಕದಲ್ಲಿ ಇರುವುದಿಲ್ಲ.

ದಾರಿ ಹೀಗಿದೆ. ಗುರಿಯನ್ನು ಎಣಿಸಲು ಬರುವಂತೆ ಬರೆಯಿರಿ. "ಹಣದ ಜ್ಞಾನ ಬರಬೇಕು" ಎಂದು ಬರೆದರೆ ಅಳೆಯಲು ಬರುವುದಿಲ್ಲ. "₹100ರ ಒಳಗಿನ ವಸ್ತು ಕೊಂಡು, ಉಳಿದ ಚಿಲ್ಲರೆ ಸರಿ ಇದೆಯಾ ಎಂದು 10ರಲ್ಲಿ 8 ಸಲ ಹೇಳಬೇಕು" ಎಂದು ಬರೆಯಿರಿ. ಪ್ರತಿ ಸಲ ಎಷ್ಟು ಸಹಾಯ ಬೇಕಾಯಿತು ಎಂದೂ ಗುರುತು ಹಾಕಿ: ತಾನೇ ಮಾಡಿದ, ಮಾತಿನ ಸುಳಿವು ಬೇಕಾಯಿತು, ಮಾಡಿ ತೋರಿಸಬೇಕಾಯಿತು, ಕೈ ಹಿಡಿದು ಮಾಡಿಸಬೇಕಾಯಿತು. ಜುಲೈನಲ್ಲಿ ಕೈ ಹಿಡಿದು ಮಾಡಿಸುತ್ತಿದ್ದದ್ದನ್ನು ಡಿಸೆಂಬರ್‌ನಲ್ಲಿ ಬರೀ ಮಾತಿನ ಸುಳಿವಿನಿಂದ ಮಾಡಿದರೆ ಅದು ದೊಡ್ಡ ಪ್ರಗತಿ. ಬರೀ ಸರಿ-ತಪ್ಪು ಎಣಿಸಿದರೆ ಅದು ಕಾಣುವುದೇ ಇಲ್ಲ.

ಗುರಿ ಎಷ್ಟು ಮುಟ್ಟಿದೆ ಎಂಬುದರ ಮೇಲೆ ಶ್ರೇಣಿ ಹಾಕಿ. ಕೆಳಗೆ ಒಂದು ಸಾಲು ಸ್ಪಷ್ಟವಾಗಿ ಬರೆಯಿರಿ: "ಈ ವಿಷಯದ ಶ್ರೇಣಿ ವೈಯಕ್ತಿಕ ಗುರಿಗಳ ಮೇಲೆ ಕೊಟ್ಟದ್ದು, ವಿವರ ಲಗತ್ತಿಸಿದೆ." ಗುರಿಗಳ ಹಾಳೆಯನ್ನು ಜೊತೆಗೆ ಪಿನ್ ಮಾಡಿ. ಮಗು ಮಾಡಿದ ಕೆಲಸದ ಮಾದರಿಗಳು ಕೃತಿ ಸಂಪುಟದಲ್ಲಿರಲಿ. ದಿನಾಂಕ ಹಾಕಿ. ದಿನಾಂಕ ಇಲ್ಲದ ಹಾಳೆ ಪ್ರಗತಿ ತೋರಿಸುವುದಿಲ್ಲ.

ಗುರಿ ಬಹಳ ಸುಲಭವಾಗಿ ಮುಟ್ಟಿದರೆ ಏರಿಸಿ. ಎರಡು ವರ್ಷ ಅದೇ ಐಇಪಿಯನ್ನು ನಕಲು ಮಾಡುತ್ತಿದ್ದರೆ ಕಲಿಸುವುದು ನಿಂತಿದೆ ಎಂದರ್ಥ.

ಹಂತ 7: ಪ್ರಗತಿ ಪತ್ರ ಮತ್ತು ತಂದೆತಾಯಿ ಜೊತೆ ಮಾತು

ಶ್ರಮ, ನಡತೆ, ಹಾಜರಿ ಇವನ್ನೆಲ್ಲ ಅಂಕದೊಳಗೆ ಕಲಸಬೇಡಿ. ಪ್ರತ್ಯೇಕವಾಗಿ, ಮಾತಿನಲ್ಲಿ ಬರೆಯಿರಿ. ನ್ಯೂನತೆಯ ಹೆಸರು ಪ್ರಗತಿ ಪತ್ರದಲ್ಲಿ ಬೇಡ. "ಮಂದಬುದ್ಧಿ" ಎಂಬ ಪದ ಇನ್ನೂ ಕೆಲವು ಕಡೆ ಕಾಣುತ್ತದೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಏನು ಬರುತ್ತದೆ, ಯಾವ ಸಹಾಯದಿಂದ ಬರುತ್ತದೆ, ಮುಂದೆ ಏನು, ಈ ಮೂರು ಬರೆದರೆ ಸಾಕು.

ಸಭೆಯಲ್ಲಿ ತಂದೆತಾಯಿಗೆ ಶ್ರೇಣಿ ಹೇಳುವ ಮೊದಲು ಕೇಳಿ: "ಮನೆಯಲ್ಲಿ ಏನೇನು ಮಾಡುತ್ತಾಳೆ ತಾಯಿ?" ಆಡು ಎಣಿಸಿ ಕಟ್ಟುತ್ತಾಳೆ, ತಮ್ಮನಿಗೆ ಹಾಡು ಕಲಿಸುತ್ತಾಳೆ ಎಂದು ಹೇಳಿಯಾರು. ಅದನ್ನೂ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ಶಾಲೆಯಲ್ಲಿ ಎಣಿಕೆ ಬರಲ್ಲ ಎಂದು ಗುರುತು ಹಾಕಿದ ಮಗು ಮನೆಯಲ್ಲಿ ಎಣಿಸುತ್ತಿದ್ದರೆ, ನಿಮ್ಮ ಪ್ರಶ್ನೆಯಲ್ಲೇ ಏನೋ ತೊಡಕಿದೆ. ಕನ್ನಡ ಸರಿಯಾಗಿ ಬಾರದ ತಂದೆತಾಯಿಗೆ ಅವರ ಮಾತಿನಲ್ಲೇ ವಿವರಿಸುವ ಒಬ್ಬರನ್ನು ಕರೆಯಿಸಿ. ತರಗತಿಯ ಇನ್ನೊಂದು ಮಗುವನ್ನು ಈ ಕೆಲಸಕ್ಕೆ ಬಳಸಬೇಡಿ.

ಹಂತ 8: ಎಸ್‌ಎಸ್‌ಎಲ್‌ಸಿಗೆ ಎಂಟನೇ ತರಗತಿಯಿಂದಲೇ ತಯಾರಿ

ಹೈಸ್ಕೂಲ್ ಶಿಕ್ಷಕರು ಹೆಚ್ಚು ಕೇಳುವುದು ಇದನ್ನೇ. ಬೋರ್ಡ್ ಪರೀಕ್ಷೆಯಲ್ಲಿ ಸಿಗುವ ಸೌಲಭ್ಯಗಳಿಗೆ ವೈದ್ಯರ ಪ್ರಮಾಣಪತ್ರ ಬೇಕು, ಮುಖ್ಯಗುರುಗಳ ಮೂಲಕ ಅರ್ಜಿ ಹೋಗಬೇಕು. ಪರೀಕ್ಷೆಗೆ ಹೆಸರು ನೋಂದಾಯಿಸುವಾಗಲೇ ಇದು ಮುಗಿಯಬೇಕು. ಫೆಬ್ರವರಿಯಲ್ಲಿ ನೆನಪಾಗಿ ಆಸ್ಪತ್ರೆಗೆ ಓಡಿದರೆ ಕಷ್ಟ. ಆ ಓಡಾಟದಲ್ಲೇ ಮಗುವಿನ ಓದಿನ ದಿನಗಳು ಹೋಗುತ್ತವೆ. ಎಂಟನೇ ತರಗತಿಗೆ ಸೇರಿದ ದಿನವೇ ಕಾರ್ಡ್ ಇದೆಯಾ, ಅವಧಿ ಮುಗಿದಿದೆಯಾ ಎಂದು ನೋಡಿ. ಮಕ್ಕಳ ದಾಖಲೆ ಇಡುವ ಶಿಕ್ಷಣ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಾದ ಸ್ಯಾಟ್ಸ್‌ನಲ್ಲಿ ಮಗುವಿನ ವಿವರ ಸರಿಯಾಗಿ ನಮೂದಾಗಿದೆಯಾ ಎಂದೂ ನೋಡಿ.

ಬೋರ್ಡ್‌ನಲ್ಲಿ ಮಗು ಯಾವ ಅನುಕೂಲ ಬಳಸಲಿದೆಯೋ ಅದನ್ನೇ ಎಂಟು ಮತ್ತು ಒಂಬತ್ತನೇ ತರಗತಿಯ ಪ್ರತಿ ಎಫ್‌ಎ, ಎಸ್‌ಎಯಲ್ಲೂ ಕೊಡಿ. ನಿಮ್ಮ ನೋಟ್‌ಬುಕ್‌ನ ಆ ಒಂದು ಪುಟದಲ್ಲಿ ಪ್ರತಿ ಸಲ ನಾಲ್ಕು ವಿಷಯ ಬರೆಯಿರಿ: ಯಾವ ಪರೀಕ್ಷೆ, ಯಾವ ಅನುಕೂಲ, ಎಷ್ಟು ಸಮಯ ನಿಜವಾಗಿ ಬಳಸಿತು, ಯಾವುದು ಉಪಯೋಗಕ್ಕೆ ಬರಲಿಲ್ಲ. ಮಗು ಶಾಲೆ ಬಿಟ್ಟು ಹೋಗುವಾಗ ಆ ಪುಟದ ಜೆರಾಕ್ಸ್ ಮಾಡಿಸಿ, ಟಿಸಿ ಜೊತೆಗೆ ತಂದೆತಾಯಿ ಕೈಗೆ ಕೊಡಿ. ಮುಂದಿನ ಶಾಲೆಯವರು ಮೊದಲ ದಿನವೇ ಓದಲಿ.